ತೊಟ್ಟಿಗೊಬ್ಬ ನೀರಗಂಟಿ

ಮನೆಯನ್ನೇ ಗಾಡಿಯ ಮೇಲೇರಿಸಿಕೊಂಡು ಕಾಡು ನೋಡಲು ಹೊರಡುವ ಗೃಹಸ್ಥನು ಹಾಸಿಗೆ, ಒಲೆ, ದೀಪ ಎಲ್ಲವನ್ನೂ ಪರೀಕ್ಷಿಸುತ್ತಾನೆ. ಗಾಡಿಯ ಅಡಿಗೆ ಬಿಗಿದ ನೀರಿನ ತೊಟ್ಟಿಯನ್ನು ಮಾತ್ರ ಬಗ್ಗಿ ನೋಡುವುದಿಲ್ಲ. ಕಣ್ಣಿಗೆ ಬೀಳದುದು ಗಟ್ಟಿಯಾಗಿಯೇ ಇರುತ್ತದೆಂಬುದು ಮನುಷ್ಯನ ಹಳೆಯ ನಂಬಿಕೆ.

100 ಲೀಟರು ನೀರೆಂದರೆ 100 ಕಿಲೋ ಭಾರ. ಅದೂ ಸುಮ್ಮನೆ ಕೂರುವ ಭಾರವಲ್ಲ. ತುಂಬಿದ ಕೊಡ ತುಳುಕದು. ಅರೆತುಂಬಿದ ತೊಟ್ಟಿಯ ನೀರಾದರೋ ಪ್ರತಿಯೊಂದು ಕುಳಿಯಲ್ಲೂ ಗೋಡೆಗೆ ಅಪ್ಪಳಿಸುತ್ತದೆ. ಅದನ್ನು ತಡೆಯಲೆಂದೇ ಒಳಗೆ ಅಡ್ಡಹಲಗೆಗಳನ್ನು ಇರಿಸುವರು. ಚಕ್ರದಿಂದ ಸಿಡಿಯುವ ಕಲ್ಲಿಗೆದುರಾಗಿ ಹೊರಗೆ ತಗಡಿನ ಕವಚ ಹೊದಿಸುವರು. ಇಷ್ಟಾದರೂ ಅದು ಸೋಲುವ ಎಡೆಗಳು ಬೇರೆಯೇ ಇವೆ: ಬೆಸುಗೆ, ಕೊಳವೆ ಸೇರುವ ಬಾಯಿ, ಬಿಗಿದ ಪಟ್ಟಿ ಉಜ್ಜುವ ಅಂಚು. ಮೊದಲು ಬರುವುದು ಒಂದು ಹನಿ, ಬಿರುಕು ಆಮೇಲಿನದು.

ಅಲುಗದೆ ನಿಂತ ಪಾತ್ರೆಗೂ ಈ ಭಯ ತಪ್ಪಿದ್ದಲ್ಲ. ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯ ಜಲಾಶಯದ ಒಡ್ಡು 2019ರ ಆಗಸ್ಟ್ ತಿಂಗಳ ಭಾರೀ ಮಳೆಯಲ್ಲಿ ಒಡೆಯಿತು. ಬೇಸಗೆಗೆಂದು ಕೂಡಬೇಕಾದ ನೀರು ಮಳೆಗಾಲದಲ್ಲೇ ಹರಿದುಹೋಯಿತು. ಯಾವ ಮಣ್ಣಿನ ಏರಿಯಾದರೂ ಸರಿ, ಇಲಿಯ ಬಿಲ, ಮರದ ಬೇರು, ತೂಬಿನ ಪಕ್ಕದ ಒಸರು ಇವೇ ಅದರ ಗುಪ್ತಶತ್ರುಗಳು. ಕೋಡಿಯಲ್ಲಿ ಹೋಗಬೇಕಾದ ನೀರು ಏರಿಯನ್ನೇ ಹತ್ತಿದರಂತೂ ಮಣ್ಣು ನಿಲ್ಲದು.

ಇದನ್ನರಿತೇ ನಮ್ಮ ಹಿರಿಯರು ಕೆರೆಗೆ ನೀರಗಂಟಿಯನ್ನು ನೇಮಿಸಿದರು. ತೂಬು ತೆರೆಯುವುದಷ್ಟೇ ಅವನ ಕೆಲಸವಾಗಿರಲಿಲ್ಲ. ಏರಿಯ ಮೇಲೆ ನಡೆದು ಕಾಯುವುದೂ ಆಗಿತ್ತು. ಗಾಡಿಯ ಯಜಮಾನನೂ ದಾರಿಯಲ್ಲಿ ಇಳಿದು, ಮೊಣಕಾಲೂರಿ, ಬೆಸುಗೆಯ ಮೇಲೊಮ್ಮೆ ಬೆರಳಾಡಿಸಲಿ. ಬೆರಳು ಒದ್ದೆಯಾದರೆ ಪ್ರಯಾಣ ಅಲ್ಲಿಗೇ ನಿಲ್ಲಲಿ. ಮಕ್ಕಳ ಬಾಯಾರಿಕೆಗಿಂತ ಅದು ಲೇಸು.