ಮತ್ತೆ ಬೆಳೆದ ದುರ್ಮಾಂಸ

ಡೊಂಬಿವಲಿಯಿಂದ ತಳೋಜದ ಕಾರ್ಖಾನೆಗೆ ಹನ್ನೆರಡು ವರ್ಷ ಬೈಕಿನಲ್ಲೇ ಓಡಾಡಿದವನು ನಾನು. ಕಲ್ಯಾಣ್–ಶೀಲ್ ರಸ್ತೆಯ ಧೂಳು ಗೊತ್ತಿದ್ದವರಿಗೆ ಗೊತ್ತು. ಹೆಲ್ಮೆಟ್ಟಿನ ಗಾಜು ಗೀರುಬಿದ್ದು ಮಸುಕಾಗಿತ್ತು, ಅದನ್ನು ಮೇಲೆತ್ತಿಕೊಂಡೇ ಹೋಗುತ್ತಿದ್ದೆ. ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಕೆಂಪು ಮಾಂಸ ಹಬ್ಬಿ ಕರಿಗುಡ್ಡೆ ಮೇಲೆ ಏರತೊಡಗಿತು. ಪಕ್ಕದ ಮನೆಯವರು ನಾಖೂನಾ ಅಂದರು, ಊರಿಂದ ಅಮ್ಮ ಫೋನಿನಲ್ಲಿ ‘ಅಯ್ಯೋ, ದುರ್ಮಾಂಸ’ ಅಂದಳು. ಡಾಕ್ಟರು ಬರೆದದ್ದು ಟೆರಿಜಿಯಂ.

ಮೊದಲ ಸಲ ಹತ್ತಿರದಲ್ಲೇ ಒಂದು ಕಡೆ ಕೊಯ್ಯಿಸಿಕೊಂಡೆ. ಅರ್ಧ ಗಂಟೆಯ ಕೆಲಸ. ಮಾಂಸ ತೆಗೆದ ಜಾಗವನ್ನು ಹಾಗೇ ತೆರೆದು ಬಿಟ್ಟಿದ್ದರೆಂದು ತಿಳಿದದ್ದು ಆಮೇಲೆ. ತಪ್ಪು ನನ್ನದೂ ಇತ್ತು: ಕೆಂಪು ಇಳಿಯಿತೆಂದು ಹದಿನೈದೇ ದಿನಕ್ಕೆ ಡ್ರಾಪ್ಸ್ ನಿಲ್ಲಿಸಿ ಬೈಕ್ ಹತ್ತಿದೆ. ಗಣಪತಿ ಹಬ್ಬ ಕಳೆದ ಮೇಲೆ ಕೊಯ್ಯಿಸಿದ್ದು, ಸಂಕ್ರಾಂತಿ ಹೊತ್ತಿಗೆ ಮತ್ತೆ ಬಂತು. ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಂಡಿತು. ಮುಖದ ಸೋಪು ಒಣಗುವ ತನಕ ಹಾಗೇ ನಿಂತಿದ್ದೆ. ಮೊದಲಿಗಿಂತ ದಪ್ಪ, ಮೊದಲಿಗಿಂತ ಕೆಂಪು.

ಎರಡನೇ ಸಲ ಠಾಣೆ ನಗರದ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಕೊಯ್ಯುವುದು ದೊಡ್ಡದಲ್ಲ, ಖಾಲಿ ಬಿಟ್ಟರೆ ಅದೇ ಬಂದು ತುಂಬಿಕೊಳ್ಳುತ್ತದೆ. ಮೇಲಿನ ರೆಪ್ಪೆಯ ಅಡಿಯಿಂದ ನನ್ನದೇ ತೆಳುಪೊರೆ ತೆಗೆದು ಅಲ್ಲಿಗೆ ಅಂಟಿಸಿದರು. ಹೊಲಿಗೆಯಿಲ್ಲ, ಫೈಬ್ರಿನ್ ಅಂಟು. ಒಮ್ಮೆ ಮರಳಿ ಬಂದದ್ದಾದ್ದರಿಂದ ಮೈಟೊಮೈಸಿನ್ ಔಷಧಿಯಲ್ಲಿ ಅದ್ದಿದ ಸ್ಪಂಜನ್ನು ಕೆಲವು ನಿಮಿಷ ಒತ್ತಿ, ಚೆನ್ನಾಗಿ ತೊಳೆದರಂತೆ. ಆಯುರ್ವೇದ ಓದಿದ ಭಾವ ನಕ್ಕರು: ಸುಶ್ರುತ ಇದನ್ನು ಅರ್ಮ ಅಂತ ಕರೆದು, ಕಡಿಮೆ ಕೊಯ್ದರೆ ಬೇಗ ಮತ್ತೆ ಬೆಳೆಯುತ್ತದೆ ಅಂತ ಆಗಲೇ ಬರೆದಿಟ್ಟಿದ್ದಾನೆ.

ನಿಜವಾದ ಕಷ್ಟ ಮನೆಯಲ್ಲಿ. ಮೂರು ದಿನ ಕಣ್ಣಲ್ಲಿ ಮರಳು ಸುರಿದ ಹಾಗೆ. ಉಜ್ಜುವಂತಿಲ್ಲ, ಅಂಟಿಸಿದ ಪೊರೆ ಜರುಗೀತು. ಸ್ಟೆರಾಯ್ಡ್ ಡ್ರಾಪ್ಸ್ ದಿನಕ್ಕೆ ಆರು ಸಲದಿಂದ ಶುರುವಾಗಿ ವಾರವಾರ ಇಳಿಸುತ್ತಾ ಮೂರು ತಿಂಗಳು. ಹೆಂಡತಿ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಿದ್ದಳು. ಆ ಡ್ರಾಪ್ಸಿನಿಂದ ಕಣ್ಣಿನ ಒತ್ತಡ ಏರಬಹುದೆಂದು ಆಗಾಗ ಕರೆಸಿ ಅಳೆಯುತ್ತಿದ್ದರು. ಮೆಡಿಕಲ್ ಅಂಗಡಿಯಲ್ಲಿ ನೀವೇ ಕೇಳಿ ತಗೊಂಡು ಮುಂದುವರಿಸಬೇಡಿ ಎಂದು ಗದರಿದ್ದೂ ಉಂಟು.

ಬೈಕ್ ಮಾರಿದೆ. ಈಗ ರೈಲಿನಲ್ಲೇ ಓಡಾಟ; ದಿವಾದಲ್ಲಿ ಇಳಿದು ಪನ್ವೇಲ್ ಗಾಡಿ ಹಿಡಿಯುತ್ತೇನೆ, ಒಂದು ತಪ್ಪಿದರೆ ಕಾಯುವ ಗೋಳು ಬೇರೆ. ಪಕ್ಕದಿಂದಲೂ ಬಿಸಿಲು ನುಗ್ಗದ ಕರಿ ಕನ್ನಡಕ, ಟೋಪಿ. ಮಳೆಗಾಲದ ಮೋಡದಲ್ಲೂ ಕನ್ನಡಕ ತೆಗೆಯುವುದಿಲ್ಲ, ಜನ ನಗಲಿ.

ಮರಳುವುದಿದ್ದರೆ ಹೆಚ್ಚಾಗಿ ಮೊದಲ ವರ್ಷದಲ್ಲೇ ಎಂದಿದ್ದಾರೆ. ಇದು ಹನ್ನೊಂದನೇ ತಿಂಗಳು. ಬೆಳಿಗ್ಗೆ ಎದ್ದು ಮೊಬೈಲಿನ ಬೆಳಕಲ್ಲಿ ಕನ್ನಡಿಗೆ ಮೂಗು ತಾಗಿಸಿ ನಿಂತರೆ ಹೆಂಡತಿ ಒಳಗಿಂದಲೇ ಕೇಳುತ್ತಾಳೆ, ‘ನಿನ್ನೆ ತಾನೇ ನೋಡಿದ್ರಲ್ಲ?’