ಕೊಡಗಿನ ನೀರು, ಶ್ರೀರಂಗಪಟ್ಟಣದ ಹರಿಗೋಲು

ನೆಲ್ಯಹುದಿಕೇರಿಯ ಸೇತುವೆಯ ಮೇಲೆ ನಿಂತರೆ ಕಾವೇರಿ ದುಬಾರೆಯ ಕಡೆಗೆ ಹರಿದುಹೋಗುವುದು ಕಾಣುತ್ತದೆ. ಈ ನೀರೇ ಮುಂದೆ ಶ್ರೀರಂಗಪಟ್ಟಣವನ್ನು ಸುತ್ತುವರಿಯುತ್ತದೆ. ಹಾಗಾದರೆ ಇಲ್ಲಿಯೇ ದೋಣಿ ಹತ್ತಿ ಅಲ್ಲಿ ಇಳಿಯಬಹುದಲ್ಲ ಎಂದು ಯಾವ ವಿದ್ಯಾರ್ಥಿಗಾದರೂ ಅನ್ನಿಸೀತು. ಸಾಧ್ಯವಿಲ್ಲ. ದಾರಿಯುದ್ದಕ್ಕೂ ಬಂಡೆಗಳಿವೆ, ಚುಂಚನಕಟ್ಟೆಯಲ್ಲಿ ನದಿ ಜಲಪಾತವಾಗಿ ಧುಮುಕುತ್ತದೆ, ಕೊನೆಗೆ ಕೃಷ್ಣರಾಜಸಾಗರ ಅಣೆಕಟ್ಟು ಅಡ್ಡ ನಿಂತಿದೆ. ಆದ್ದರಿಂದ ನಸುಕಿನಲ್ಲೇ ಬಸ್ಸು ಹಿಡಿದು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಮೈಸೂರು ದಾಟಿ ಹೋಗಬೇಕು. ನೀರಿನ ಪ್ರಯಾಣ ಏನಿದ್ದರೂ ಶ್ರೀರಂಗಪಟ್ಟಣ ಸೇರಿದ ಮೇಲೆ.

ದ್ವೀಪದ ಪೂರ್ವ ತುದಿಯಲ್ಲಿ, ಕವಲೊಡೆದ ಕಾವೇರಿ ಮತ್ತೆ ಒಂದಾಗುವ ಸಂಗಮದಲ್ಲಿ, ನೀರು ಹದವಾಗಿರುವ ದಿನಗಳಲ್ಲಿ ಹರಿಗೋಲು ಸಿಗುತ್ತದೆ. ಹಿಂದೆ ಬಿದಿರಿನ ಹೆಣಿಗೆಗೆ ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಟಾರು. ಮೊದಲ ಸಲ ಹತ್ತಿದವರಿಗೆ ಎದೆ ಝಲ್ಲೆನ್ನುವುದು ಸಹಜ. ಒಂದು ಲೆಕ್ಕ ಮಾಡಿದರೆ ಭಯ ಅರ್ಧ ಕಡಿಮೆಯಾಗುತ್ತದೆ. ಎರಡು ಮೀಟರ್ ಅಗಲದ ದುಂಡನೆಯ ಚಪ್ಪಟೆ ತಳದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. ಹರಿಗೋಲೂ ಸೇರಿ ಒಟ್ಟು ತೂಕ 300 ಕಿಲೋ ಎಂದಿಟ್ಟುಕೊಳ್ಳಿ. ಆರ್ಕಿಮಿಡೀಸನ ನಿಯಮದಂತೆ ಅದು 300 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಬೇಕು. ಅದಕ್ಕೆ ಹರಿಗೋಲು ಹತ್ತು ಸೆಂಟಿಮೀಟರಿಗಿಂತಲೂ ಕಡಿಮೆ ಮುಳುಗಿದರೆ ಸಾಕು! ಬಂಡೆಗಳ ಮೇಲೆ ಒಂದು ಗೇಣು ನೀರಿದ್ದರೂ ಅದು ತೇಲಿಹೋಗುವುದು ಇದರಿಂದಲೇ. ಆದರೆ ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಒಂದು ಪಕ್ಕಕ್ಕೆ ಬಿದ್ದರೆ ಬುಗುರಿಯಂತೆ ತಿರುಗುತ್ತದೆ. ಅಂಬಿಗ ಹುಟ್ಟನ್ನು ಮುಂದಕ್ಕೆ ಚಾಚಿ ತನ್ನ ಕಡೆಗೆ ಎಳೆದುಕೊಳ್ಳುವುದನ್ನು ಮಕ್ಕಳು ಗಮನಿಸಬೇಕು. ಕೆಲವು ಅಂಬಿಗರು ಬೇಕೆಂದೇ ಗಿರಗಿರನೆ ಸುತ್ತಿಸುತ್ತಾರೆ. ಮಕ್ಕಳಿಗೆ ಹಬ್ಬ, ತಾಯಂದಿರಿಗೆ ಪ್ರಾಣಸಂಕಟ.

ದಡಕ್ಕೆ ಬಂದ ಮೇಲೆ ಬೇಸಿಗೆ ಅರಮನೆ, ಗುಂಬಜ್, ರಂಗನಾಥನ ಗುಡಿ ಎಲ್ಲರೂ ನೋಡುವಂಥವೇ. ಹೆಚ್ಚಿನವರು ಹೋಗದ ಜಾಗ ಕೋಟೆಯ ವಾಯವ್ಯ ಮೂಲೆ. 1907ರಲ್ಲಿ ನಿಲ್ಲಿಸಿದ ಸ್ಮಾರಕಸ್ತಂಭ ಅಲ್ಲಿದೆ. ಅಲ್ಲಿಂದ ಕೆಳಗೆ ನದಿಯನ್ನು ನೋಡಿದರೆ, ಪಾಠಪುಸ್ತಕದಲ್ಲಿ ಓದಿದ ಯುದ್ಧದಲ್ಲಿ ಮಳೆಗಾಲಕ್ಕೆ ಎಷ್ಟು ಪಾಲಿತ್ತೆಂಬುದು ತಿಳಿಯುತ್ತದೆ.

1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಇಲ್ಲಿಗೆ ಬಂದ. ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಸೋಲಿಸಿಯೂ ಪಟ್ಟಣವನ್ನು ಮುಟ್ಟಲಾಗಲಿಲ್ಲ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಧಾನ್ಯ ಮುಗಿಯಿತು. ಕಣ್ಣಂಬಾಡಿಯ ಹತ್ತಿರ ತನ್ನ ಭಾರೀ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. 1799ರಲ್ಲಿ ಹ್ಯಾರಿಸ್ ಆ ತಪ್ಪು ಮಾಡಲಿಲ್ಲ. ಏಪ್ರಿಲ್ ಮೊದಲಲ್ಲೇ ಬೀಡುಬಿಟ್ಟು, ಮೇ 4ರ ಮಧ್ಯಾಹ್ನ, ಗೋಡೆ ಬಿರುಕುಬಿಟ್ಟ ಕಡೆ ಸೈನಿಕರನ್ನು ನುಗ್ಗಿಸಿದ. ಅವರು ಬಂಡೆಗಳ ನಡುವೆ ಕಾಲ್ನಡಿಗೆಯಲ್ಲೇ ಹೊಳೆ ದಾಟಿದರು. ಟಿಪ್ಪು ಅಂದೇ ಮಡಿದ. ಇನ್ನೊಂದು ತಿಂಗಳು ಕಳೆದಿದ್ದರೆ ಮುಂಗಾರಿನ ನೀರು ಬಂದು ಆ ದಾರಿ ಮುಚ್ಚಿಹೋಗುತ್ತಿತ್ತು. ಆ ಯುದ್ಧದಲ್ಲಿ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಇಂಗ್ಲಿಷರ ಪಕ್ಷದಲ್ಲಿದ್ದ. ಕೊಡಗಿನ ಮಳೆಯೊಂದೇ ಟಿಪ್ಪುವಿನ ಪಕ್ಷದಲ್ಲಿದ್ದದ್ದು, ಅದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾರ್ನ್‌ವಾಲಿಸ್ ಫಿರಂಗಿ ಬಿಟ್ಟುಹೋದ ಕಣ್ಣಂಬಾಡಿಯಲ್ಲೇ 1911ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು. ಈಗ ಶ್ರೀರಂಗಪಟ್ಟಣದ ಹೊಳೆಯ ಮಟ್ಟವನ್ನು ಬಹುಪಾಲು ನಿರ್ಧರಿಸುವುದು ಅದರ ಬಾಗಿಲುಗಳು. ಬಹುಪಾಲು ಮಾತ್ರ. 2019ರ ಆಗಸ್ಟ್‌ನಲ್ಲಿ ನೆಲ್ಯಹುದಿಕೇರಿಯ ಬೆಟ್ಟದಕಾಡು, ಕುಂಬಾರಗುಂಡಿಗಳಲ್ಲಿ ಹೊಳೆ ಮನೆಗಳಿಗೆ ನುಗ್ಗಿ ಸಂಸಾರಗಳು ಪರಿಹಾರ ಕೇಂದ್ರ ಸೇರಿದವು. ಅದೇ ತಿಂಗಳು ತುಂಬಿದ ಅಣೆಕಟ್ಟಿನಿಂದ ನೀರು ಬಿಡಲೇಬೇಕಾಗಿ, ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿನಲ್ಲಿ ದೋಣಿವಿಹಾರ ನಿಂತಿತು. ಹೊಳೆ ಮನೆಯೊಳಗೆ ಬಂದದ್ದನ್ನು ಕಂಡ ಮಗು ಸಂಗಮದಲ್ಲಿ ಹರಿಗೋಲು ಹತ್ತಲು ಹಿಂಜರಿದರೆ ಹಿರಿಯರು ನಗಬಾರದು, ಬಲವಂತವೂ ಬೇಡ.

ಡಿಸೆಂಬರ್, ಜನವರಿ ಈ ಪ್ರವಾಸಕ್ಕೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೇಡವೇ ಬೇಡ. ಜೀವರಕ್ಷಕ ಜಾಕೀಟು ಕೊಡದ ಹರಿಗೋಲಿಗೆ ಮಕ್ಕಳನ್ನು ಹತ್ತಿಸಬಾರದು. ಅಣೆಕಟ್ಟಿನ ಒಳಹರಿವು, ಹೊರಹರಿವು ಪತ್ರಿಕೆಗಳಲ್ಲಿ ಬರುತ್ತದೆ. ಹೊರಡುವ ಹಿಂದಿನ ದಿನ ನೋಡಿಕೊಳ್ಳಿ. ಸಂಜೆ ನಾಲ್ಕಕ್ಕೆ ಶ್ರೀರಂಗಪಟ್ಟಣ ಬಿಟ್ಟರೆ, ರಾತ್ರಿ ಊಟದ ಹೊತ್ತಿಗೆ ಬಸ್ಸು ಮತ್ತೆ ಅದೇ ಹೊಳೆಯ ದಡಕ್ಕೆ ತಂದು ಇಳಿಸುತ್ತದೆ.