ಬರೀ ಫ್ಯಾಕ್ಟರಿ ಟೀಮು

ಕಳೆದ ಮಳೆಗಾಲದಲ್ಲಿ ಒಂದು ಫುಟ್‌ಬಾಲ್ ಸಾಕ್ಷ್ಯಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ಸಿಕ್ಕಿತು. ಮ್ಯಾಂಚೆಸ್ಟರ್ ಸಿಟಿ ತಂಡ ಇಂಗ್ಲೆಂಡಿನ ಮೂರನೇ ದರ್ಜೆಯ ಲೀಗಿಗೆ ಬಿದ್ದಿದ್ದ 1998–99ರ ಕಥೆ. ಅದರಲ್ಲಿ ವಯಸ್ಸಾದ ಅಭಿಮಾನಿಯೊಬ್ಬರು ಮಳೆಯಲ್ಲಿ ನೆನೆಯುತ್ತ, ನಮ್ಮದು ದೊಡ್ಡ ಕ್ಲಬ್ಬು, ನಾವು ಇಲ್ಲಿರಬೇಕಾದವರಲ್ಲ ಅನ್ನುತ್ತಾರೆ. ನಾನು 'ದೊಡ್ಡ ಕ್ಲಬ್' ಎಂದೇ ಬರೆದು ಕಳಿಸಿದೆ. ಎರಡು ದಿನದ ಮೇಲೆ ಫೈಲು ವಾಪಸು ಬಂತು. ಆ ಸಾಲಿನ ಪಕ್ಕದಲ್ಲಿ ಪರಿಶೀಲಕರ ಟಿಪ್ಪಣಿ: "'ದೊಡ್ಡ' ಅಂದರೆ ಗಾತ್ರದ ಅರ್ಥ ಬರುತ್ತದೆ. 'ಯಶಸ್ವಿ' ಅಥವಾ 'ಪ್ರತಿಷ್ಠಿತ' ಎಂದು ಬದಲಿಸಿ."

ಬದಲಿಸುವುದು ಅರ್ಧ ನಿಮಿಷದ ಕೆಲಸ. ನಮ್ಮಂಥ ಬಿಡಿ ಅನುವಾದಕರಿಗೆ ಪದಕ್ಕಿಷ್ಟು, ನಿಮಿಷಕ್ಕಿಷ್ಟು ಎಂದು ಲೆಕ್ಕ. ಒಂದೇ ಪದ ಹಿಡಿದುಕೊಂಡು ಎರಡು ದಿನ ಕೂತರೆ ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಆದರೆ ಈ ಪದದ ಲೆಕ್ಕದಲ್ಲಿ ನನ್ನದೊಂದು ಹಳೆಯ ಬಾಕಿ ಇತ್ತು.

ಅಪ್ಪ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದವರು. ಆ ಕಾರ್ಖಾನೆಗೊಂದು ಫುಟ್‌ಬಾಲ್ ತಂಡವಿತ್ತು. ಆಟಗಾರರೆಲ್ಲ ಅಲ್ಲಿನ ನೌಕರರೇ. ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ ಹಾಕಿ ಕೆಲಸ. ನಾನು ಚಿಕ್ಕವಳಿದ್ದಾಗ ಅಪ್ಪ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಕರೆದುಕೊಂಡು ಹೋಗುತ್ತಿದ್ದರು. ನನಗೆ ಆಟಕ್ಕಿಂತ ಕಡಲೆಕಾಯಿ ಪೊಟ್ಟಣವೇ ಚೆನ್ನಾಗಿ ನೆನಪಿದೆ. ಕಲ್ಕತ್ತದ ತಂಡವೊಂದರ ಜೊತೆ ತಮ್ಮ ಕಾರ್ಖಾನೆಯವರು ಡ್ರಾ ಮಾಡಿಕೊಂಡ ಕಥೆಯನ್ನು ಅಪ್ಪ ಹಬ್ಬಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಎಂ.ಎ. ಮುಗಿಸಿ ಮನೆಗೆ ಬಂದಿದ್ದ ವರ್ಷ, ಟೀವಿಯಲ್ಲಿ ಇಂಗ್ಲಿಷ್ ಲೀಗು ನಡೆಯುತ್ತಿರುವಾಗ ಅದೇ ಕಥೆ ಮತ್ತೆ ಶುರುವಾಯಿತು. ಹೊತ್ತಿಗೆ ಅವರ ತಂಡ ಮುಚ್ಚಿ ಕೆಲವು ವರ್ಷಗಳಾಗಿದ್ದವು. ನಾನು ಅಂದೆ: "ಬಿಡಪ್ಪ, ಅದೇನು ದೊಡ್ಡ ಕ್ಲಬ್ಬಾ? ಬರೀ ಫ್ಯಾಕ್ಟರಿ ಟೀಮು." ಅಪ್ಪ ಏನೂ ಅನ್ನಲಿಲ್ಲ, ಟೀವಿ ನೋಡುತ್ತ ಕೂತರು. ಆಮೇಲೆ ನನ್ನೆದುರು ಆ ಕಥೆ ಹೇಳಲೇ ಇಲ್ಲ.

ಪರಿಶೀಲಕರಿಗೆ ಉತ್ತರ ಬರೆಯಲು ಕೂತಾಗ ಮೊದಲು 'ಯಶಸ್ವಿ' ಪದವನ್ನೇ ತೂಗಿ ನೋಡಿದೆ. ಸಿಟಿ ಆಗ ಕೊನೆಯದಾಗಿ ದೊಡ್ಡ ಕಪ್ಪೊಂದನ್ನು ಗೆದ್ದಿದ್ದು 1976ರಲ್ಲಿ. ಅಬುಧಾಬಿಯ ಹಣ ಬಂದಿದ್ದು 2008ರಲ್ಲಿ, ಕಪ್ಪುಗಳ ಸಾಲು ಅದಾದ ಮೇಲೆ. 1998ರ ಆ ಮುದುಕರ ಕೈಯಲ್ಲಿ ಯಶಸ್ಸು ಎನ್ನುವಂಥದ್ದು ಏನೂ ಇರಲಿಲ್ಲ. ಆದರೂ ಮೂರನೇ ದರ್ಜೆಯ ಪಂದ್ಯಗಳಿಗೆ ಅವರ ಮೈನ್ ರೋಡ್ ಮೈದಾನಕ್ಕೆ ಸರಾಸರಿ 28 ಸಾವಿರ ಜನ ಬರುತ್ತಿದ್ದರು. 'ಯಶಸ್ವಿ' ಎಂದು ಹಾಕಿದರೆ ಅವರ ಮಾತು ಹಾಸ್ಯವಾಗುತ್ತದೆ.

ಹಾಗಾದರೆ ಕಪ್ಪಿಗೂ ದೊಡ್ಡತನಕ್ಕೂ ಸಂಬಂಧವೇ ಇಲ್ಲವೇ? ನಾನಿರುವ ಹೈದರಾಬಾದಿನಲ್ಲಿ ಇದಕ್ಕೆ ಎರಡು ಪಾಠಗಳಿವೆ.

ಮೊದಲನೆಯದು ಹೈದರಾಬಾದ್ ಸಿಟಿ ಪೊಲೀಸ್. 1950ರಿಂದ 1954ರವರೆಗೆ ಸತತ ಐದು ಸಲ ಮುಂಬೈಯ ರೋವರ್ಸ್ ಕಪ್ ಗೆದ್ದ ತಂಡ. 1950ರ ಡ್ಯುರಾಂಡ್ ಕಪ್ಪೂ ಅವರದೇ. ಕೋಚು ಸೈಯದ್ ಅಬ್ದುಲ್ ರಹೀಮ್. ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿದ್ದು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದಿದ್ದು ಅವರ ಕೈಕೆಳಗೆ. ಆ ಐದು ವರ್ಷ ಇದಕ್ಕಿಂತ ದೊಡ್ಡ ತಂಡ ದೇಶದಲ್ಲಿತ್ತು ಎಂದು ವಾದಿಸುವುದು ಕಷ್ಟ. ಇವತ್ತು ನಮ್ಮ ಬೀದಿಯಲ್ಲಿ ಆ ಹೆಸರು ಗೊತ್ತಿರುವುದು ಎಪ್ಪತ್ತೈದು ದಾಟಿದ ನಮ್ಮ ಮನೆ ಮಾಲೀಕರೊಬ್ಬರಿಗೆ. ಅವರಿಗೂ ಅದು ಅವರ ತಂದೆ ಹೇಳಿದ ಕಥೆ.

ಎರಡನೆಯದು ತೀರ ಈಚಿನದು. 2019ರಲ್ಲಿ ಹುಟ್ಟಿದ ಹೈದರಾಬಾದ್ ಎಫ್‌ಸಿ 2022ರ ಮಾರ್ಚಿನಲ್ಲಿ ಗೋವಾದ ಫತೋರ್ಡಾದಲ್ಲಿ ಪೆನಾಲ್ಟಿಯಲ್ಲಿ ಗೆದ್ದು ಐಎಸ್‌ಎಲ್ ಚಾಂಪಿಯನ್ ಆಯಿತು. ಸೋತಿದ್ದು ಕೇರಳ ಬ್ಲಾಸ್ಟರ್ಸ್. ಅವರಿಗದು ಮೂರನೇ ಫೈನಲ್, ಮೂರನೇ ಸೋಲು. ಆದರೆ ಸ್ಟೇಡಿಯಂ ತುಂಬಿದ್ದವರು ಬಹುಪಾಲು ಕೇರಳದವರೇ. ಗೆದ್ದ ಕ್ಲಬ್ಬು 2025ರಲ್ಲಿ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಊರಿಗೆ ಊರೇ ಎದ್ದು ನಿಂತು ಬೇಡ ಅಂದದ್ದನ್ನು ನಾನಂತೂ ಕಾಣಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬ ಹುಡುಗ ಮಾತ್ರ ಆ ಹಳದಿ ಜೆರ್ಸಿ ಹಾಕಿಕೊಂಡು ಇನ್ನೂ ಸೈಕಲ್ ಹೊಡೆಯುತ್ತಾನೆ.

ಇದನ್ನು ಕಲ್ಕತ್ತದ ಈಸ್ಟ್ ಬೆಂಗಾಲ್ ಪಕ್ಕ ಇಟ್ಟು ನೋಡಿ. 1920ರಲ್ಲಿ ಶುರುವಾದ ಈ ಕ್ಲಬ್ಬು, ದೇಶವಿಭಜನೆಯ ನಂತರ ಮನೆಮಠ ಬಿಟ್ಟು ಪೂರ್ವದಿಂದ ಬಂದವರಿಗೆ ಹೊಸ ಊರಿನಲ್ಲಿ ತಮ್ಮದು ಎಂದು ಹೇಳಿಕೊಳ್ಳಲು ಸಿಕ್ಕ ಹೆಸರಾಯಿತು. 1997ರ ಜುಲೈ 13ರಂದು ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಮೋಹನ್ ಬಗಾನ್ ಎದುರು ಅದು ಆಡಿದ ಫೆಡರೇಷನ್ ಕಪ್ ಸೆಮಿಫೈನಲ್ಲಿಗೆ ಸೇರಿದ್ದವರು 1,31,000ಕ್ಕೂ ಹೆಚ್ಚು. ಅದೇ ತಂಡ 2020ರಲ್ಲಿ ಐಎಸ್‌ಎಲ್ ಸೇರಿದ ಮೇಲೆ ಮೊದಲ ಐದು ಸೀಸನ್ನಿನಲ್ಲಿ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ. ಆದರೂ ಅದನ್ನು ಸಣ್ಣ ಕ್ಲಬ್ಬು ಅನ್ನುವ ಧೈರ್ಯ ಎದುರಾಳಿಗಳಿಗೂ ಇಲ್ಲ. ಹೈದರಾಬಾದ್ ಸೋತರೆ ಅದು ಫಲಿತಾಂಶ. ಈಸ್ಟ್ ಬೆಂಗಾಲ್ ಸೋತರೆ ಸುದ್ದಿ. ಹೀಗೇಕಾಯಿತು, ಯಾರ ತಪ್ಪು ಎಂದು ಸಂಬಂಧವಿಲ್ಲದವರೂ ಕೇಳುತ್ತಾರೆ.

ಭಾಷಾಶಾಸ್ತ್ರದ ತರಗತಿಯಲ್ಲಿ 'ದೊಡ್ಡ', 'ಎತ್ತರ', 'ಬಿಸಿ'ಯಂಥ ಪದಗಳಿಗೆ ಹೋಲಿಕೆ ಬೇಕೇ ಬೇಕು ಎಂದು ಕಲಿತಿದ್ದೆ. ದೊಡ್ಡ ಇಲಿ ಸಣ್ಣ ಆನೆಗಿಂತ ಸಣ್ಣದೇ. ಆದರೆ ಕನ್ನಡದ 'ದೊಡ್ಡ' ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಮ್ಮ ದೊಡ್ಡಪ್ಪ ಅಪ್ಪನಿಗಿಂತ ಅರ್ಧ ಅಡಿ ಕುಳ್ಳು, ಸಂಪಾದನೆಯೂ ಕಡಿಮೆ. ಆದರೂ ದೊಡ್ಡಪ್ಪನೇ. ಅದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ದೊಡ್ಡಪ್ಪ ಅನ್ನಿಸಿಕೊಳ್ಳಬೇಕಾದರೆ ತಮ್ಮನ ಮಕ್ಕಳು ಇರಬೇಕು, ಅವರು ಕರೆಯಬೇಕು. ಹಾಗೆ ಕರೆಸಿಕೊಂಡ ಮೇಲೆ ಮದುವೆಮನೆಯಲ್ಲಿ ಮುಂದೆ ನಿಲ್ಲುವ ಜವಾಬ್ದಾರಿಯೂ ಬರುತ್ತದೆ, ತಪ್ಪಿದರೆ ಆಡಿಕೊಳ್ಳುವವರೂ ಇರುತ್ತಾರೆ. ದೊಡ್ಡ ಕ್ಲಬ್ಬಿನ 'ದೊಡ್ಡ' ಈ ಜಾತಿಯದು ಎಂದು ನನಗೆ ಅನ್ನಿಸಿತು. ಗಾತ್ರದ್ದೂ ಅಲ್ಲ, ಯಶಸ್ಸಿನದೂ ಅಲ್ಲ.

ಇಷ್ಟು ಬರೆದು, ಕಳಿಸುವ ಮೊದಲು ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪ, ಒಂದು ಕೆಲಸದ ವಿಷಯ. ದೊಡ್ಡ ಕ್ಲಬ್ಬು ಅಂದ್ರೆ ಯಾವುದು?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕಲ್ಕತ್ತದವರು ಬಂದಾಗ ನಾವು ಡ್ರಾ ಮಾಡ್ಕೊಂಡ್ವಲ್ಲ," ಅಂದರು. ಎಷ್ಟೋ ವರ್ಷಗಳ ನಂತರ ಆ ಕಥೆ. "ಆವತ್ತು ನಮ್ಮ ಹುಡುಗ್ರನ್ನ ಹೆಗಲ ಮೇಲೆ ಹೊತ್ಕೊಂಡು ಗೇಟಿನವರೆಗೂ ಹೋದ್ವಿ. ಗೆದ್ದೂ ಇರ್ಲಿಲ್ಲ, ನೋಡು. ನಮ್ಮನ್ನ ಸೋಲಿಸಿ ಯಾರಾದ್ರೂ ಹಂಗೆ ಮೆರವಣಿಗೆ ಮಾಡಿದ್ರಾ? ಇಲ್ಲ. ಅಷ್ಟೇ ವ್ಯತ್ಯಾಸ."

ನಾನು ಒಂದು ಪುಟ ಬರೆದಿದ್ದನ್ನು ಅಪ್ಪ ನಾಲ್ಕು ಮಾತಿನಲ್ಲಿ ಮುಗಿಸಿದ್ದರು. ಆಗ ಕೇಳಿದೆ: "ಆವತ್ತು ನಾನು ಹಾಗಂದಿದ್ದಕ್ಕೆ ನಿಮಗೆ ಬೇಜಾರಾಗಿತ್ತಾ?"

"ದೊಡ್ಡದಲ್ಲ ಅಂತ ನಂಗೆ ಗೊತ್ತಿರ್ಲಿಲ್ವಾ ಪುಟ್ಟಿ? ನೀನು 'ಬರೀ' ಅಂದೆ." ಅಷ್ಟು ಹೇಳಿ, "ಊಟ ಆಯ್ತಾ?" ಅಂದರು.

ಬರೀಗೈ, ಬರೀ ಹೊಟ್ಟೆ, ಬರೀ ಮಾತು. ಇದ್ದುದನ್ನೂ ಇಲ್ಲವೆನ್ನಿಸುವ ಪದ ಅದು. ಪದಗಳ ಮೇಲೆ ಪದವಿ ಪಡೆದ ನನಗೆ ಅಷ್ಟು ವರ್ಷ ನೆನಪಿದ್ದುದು ವಾಕ್ಯದ ತಪ್ಪು ಅರ್ಧ. ಅಪ್ಪನಿಗೆ ತಾಗಿದ್ದ ಪದ ಅದರ ಪಕ್ಕದಲ್ಲೇ ಇತ್ತು. ಅವರ ತಂಡ ದೊಡ್ಡ ಕ್ಲಬ್ಬಲ್ಲ ಎಂದು ಈಗಲೂ ಹೇಳುತ್ತೇನೆ, ಅವರೂ ಒಪ್ಪುತ್ತಾರೆ. ಆದರೆ ಪಾಳಿ ಬದಲಿಸಿಕೊಂಡು, ಮಗುವನ್ನು ಸ್ಕೂಟರಿನಲ್ಲಿ ನಿಲ್ಲಿಸಿಕೊಂಡು ಹೋಗಿ ಕಂಡ ಆಟ 'ಬರೀ' ಆಗಿರಲಿಲ್ಲ. ದೊಡ್ಡ ಕ್ಲಬ್ಬುಗಳನ್ನು ದೊಡ್ಡದು ಮಾಡುವುದು ಅವುಗಳೆದುರು ಜೀವ ಬಿಟ್ಟು ಆಡುವ ಇಂಥ ತಂಡಗಳೇ. ತಮ್ಮಂದಿರಿಲ್ಲದೆ ದೊಡ್ಡಪ್ಪ ಇಲ್ಲ.

ಪರಿಶೀಲಕರಿಗೆ ನಾಲ್ಕೇ ಸಾಲು ಬರೆದೆ. ಅವರು ಒಪ್ಪಿದರೋ ಬೇಸತ್ತರೋ, "ಸರಿ, ಹಾಗೇ ಇರಲಿ" ಎಂದು ಉತ್ತರ ಬಂತು. 'ದೊಡ್ಡ ಕ್ಲಬ್' ಉಳಿಯಿತು.

ಮರುದಿನ ಬೆಳಿಗ್ಗೆ ಅಪ್ಪ ವಾಟ್ಸಾಪಿನಲ್ಲಿ ಒಂದು ಫೋಟೊ ಕಳಿಸಿದ್ದರು. ಬಣ್ಣ ಮಾಸಿದ ತಂಡದ ಚಿತ್ರ. ಕೆಳಗೆ ಒಂದೊಂದೇ ಅಕ್ಷರ ಒತ್ತಿ ಬರೆದಿದ್ದರು: "ನಿಂತವರು ಎಡದಿಂದ: ಪೇಂಟ್ ಶಾಪ್, ಸ್ಟೋರ್ಸ್, ಕ್ಯಾಂಟೀನ್, ಸೆಕ್ಯುರಿಟಿ. ಮಿಕ್ಕವರ ಡಿಪಾರ್ಟ್‌ಮೆಂಟು ಕೇಳಿ ಹೇಳ್ತೀನಿ."